ಸ್ನಾಯು ಚೇತರಿಸಿಕೊಂಡಿದೆಯೇ ಅಂತ ಅಳೆಯುತ್ತೀರಿ, ಅಳೆದ ಮೇಲೆ ಏನು ಮಾಡುತ್ತೀರಿ? ಕೋಚ್‌ಗಳಿಗೂ ಆಯ್ಕೆದಾರರಿಗೂ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯ ಕೋಚ್‌ಗಳಿಗೆ, ಆಯ್ಕೆ ಸಮಿತಿಗಳ ಸದಸ್ಯರಿಗೆ ಮತ್ತು ಕ್ರೀಡಾ ಒಕ್ಕೂಟಗಳ ಪದಾಧಿಕಾರಿಗಳಿಗೆ,

ನಮಸ್ಕಾರ.

ನಾನು ಸ್ಪರ್ಧೆಗೆ ಇಳಿಯುವ ಕ್ರೀಡಾಪಟುಗಳ ಜೊತೆ ಕೆಲಸ ಮಾಡುವ ಫಿಸಿಯೋಥೆರಪಿಸ್ಟ್. ಹೆಚ್ಚಾಗಿ ಓಟಗಾರರು, ಫುಟ್‌ಬಾಲ್ ಆಟಗಾರರು. ಬೆಳಗಿನ ತಾಲೀಮಿಗೆ ಮೊದಲು ಅವರ ಸ್ನಾಯುಗಳು ಎಷ್ಟು ಚೇತರಿಸಿಕೊಂಡಿವೆ ಅಂತ ನೋಡಿ, ಬರೆದು, ಕೋಚ್ ಕೈಗೆ ಕೊಡುವುದು ನನ್ನ ಕೆಲಸದ ದೊಡ್ಡ ಭಾಗ. ಆ ಕೆಲಸದಲ್ಲಿ ಕಣ್ಣಾರೆ ಕಂಡದ್ದನ್ನು ನಿಮ್ಮ ಮುಂದೆ ಇಡಲೇಬೇಕು ಅನಿಸಿ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ದೂರು ಇಷ್ಟು. ಶಿಬಿರಗಳಲ್ಲಿ ಅಳತೆ ನಡೆಯುತ್ತಿದೆ, ಆದರೆ ಅಳತೆ ನೋಡಿ ತಾಲೀಮು ಬದಲಾಗುತ್ತಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಬೆಳಗಿನ ಫಾರಂನ ಪ್ರಶ್ನೆಗಳಿಗೆ ಆಟಗಾರರು ನಂಬಿ ಕೊಟ್ಟ ಉತ್ತರವೇ ಆಯ್ಕೆಯ ದಿನ ಅವರಿಗೆ ಮುಳುವಾಗುತ್ತಿದೆ. ಅದಕ್ಕೇ ಅವರು ಸುಳ್ಳು ಬರೆಯುವುದನ್ನು ಕಲಿತಿದ್ದಾರೆ.

ಒಂದು ಶಿಬಿರದಲ್ಲಿ ನಡೆದದ್ದನ್ನು ಹೇಳುತ್ತೇನೆ. ಯಾವ ಶಿಬಿರ, ಯಾರ ತಂಡ ಅನ್ನುವುದು ಬೇಡ. ರಿಲೇ ತಂಡದ ಒಬ್ಬಳು ಹುಡುಗಿ. ದಿನಾ ಬೆಳಗ್ಗೆ ಸೊಂಟದ ಮೇಲೆ ಕೈಯಿಟ್ಟು ಜಿಗಿದ ಎತ್ತರ ಅಳೆಯುವ ಮ್ಯಾಟ್ ಮೇಲೆ ಮೂರು ಸಲ ಜಿಗಿಯುತ್ತಿದ್ದಳು. ಅವಳ ಮಾಮೂಲಿ ಸರಾಸರಿ 38 ಸೆಂಟಿಮೀಟರ್ ಆಸುಪಾಸು. ಆ ವಾರ ಅದು ಇಳಿಯುತ್ತಾ ಇಳಿಯುತ್ತಾ 34ಕ್ಕೆ ಬಂತು. ಅಂಗಾತ ಮಲಗಿಸಿ ಹಿಮ್ಮಡಿ ಒತ್ತಲು ಹೇಳಿದರೆ ಎಡಗಾಲಿನ ಬಲ ಬಲಗಾಲಿಗಿಂತ ಎದ್ದು ಕಾಣುವಷ್ಟು ಕಡಿಮೆ. ಆದರೆ ಬೆಳಗಿನ ಫಾರಂನಲ್ಲಿ ಅವಳು ಬರೆದದ್ದು: ನಿದ್ದೆ ಚೆನ್ನಾಗಿದೆ, ಸುಸ್ತಿಲ್ಲ, ನೋವಿಲ್ಲ. ಪಕ್ಕಕ್ಕೆ ಕರೆದು ಕೇಳಿದೆ. "ನೋವು ಅಂತ ಬರೆದರೆ ರಿಲೇಯಿಂದ ತೆಗೀತಾರೆ ಮೇಡಂ" ಅಂದಳು. ಹಿಂದಿನ ವಾರ ಅವಳ ಜೊತೆಯವಳೊಬ್ಬಳು "ತುಂಬಾ ಸುಸ್ತು" ಅಂತ ಬರೆದಿದ್ದಳು. ಎಲ್ಲರ ಎದುರಿಗೆ ಅವಳಿಗೆ ಸೋಮಾರಿ ಅನ್ನುವ ಮಾತು ಬಿದ್ದಿತ್ತು.

ನಾನು ಕೆಂಪು ಗುರುತು ಹಾಕಿ ಹಾಳೆ ಕೊಟ್ಟೆ. ಅದು ಮೇಜಿನ ಮೇಲೆ, ಅದರ ಹಿಂದಿನ ದಿನದ ಹಾಳೆಯ ಮೇಲೆ ಕೂತಿತು. ಬೋರ್ಡ್ ಮೇಲೆ ಬರೆದಿದ್ದ ತಾಲೀಮು ಹಾಗೇ ನಡೆಯಿತು. ಪೂರ್ತಿ ವೇಗದ ಓಟಗಳು. ಮೂರನೆಯದರಲ್ಲಿ ಅವಳು ಎಡ ತೊಡೆಯ ಹಿಂಭಾಗ ಹಿಡಿದುಕೊಂಡು ಕುಂಟುತ್ತಾ ನಿಂತಳು. ಅಲ್ಲಿನ ಸ್ನಾಯು, ಹ್ಯಾಮ್‌ಸ್ಟ್ರಿಂಗ್, ಹರಿದಿತ್ತು. ಆ ಋತುವೇ ಅವಳ ಕೈತಪ್ಪಿತು.

ಜಿಗಿತ ಕಡಿಮೆಯಾದವರಿಗೆಲ್ಲ ಗಾಯ ಆಗೇ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ. ಯಾವ ಅಳತೆಯೂ ಗಾಯದ ಭವಿಷ್ಯ ಹೇಳುವುದಿಲ್ಲ. ಆದರೆ ಬಲ ಕುಂದಿದೆ ಅಂತ ಕಾಗದದ ಮೇಲೆ ಬರೆದಿರುವಾಗ, ಅದೇ ಸ್ನಾಯುವಿನಿಂದ ಅದೇ ದಿನ ಪೂರ್ತಿ ವೇಗ ಕೇಳುವುದು ಎಷ್ಟು ಸರಿ? ಕೇಳಲೇಬೇಕಿದ್ದರೆ, ಹಾಳೆ ಓದಿ, ಗೊತ್ತಿದ್ದೂ ಕೇಳುತ್ತಿದ್ದೇನೆ ಅನ್ನುವ ಜವಾಬ್ದಾರಿ ಯಾರಾದರೂ ಹೊರಬೇಕು ಅಲ್ವಾ?

ಇನ್ನೂ ಅನೇಕ ಮೈದಾನಗಳಲ್ಲಿ ಓಡಾಡುವ ಒಂದು ನಂಬಿಕೆಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಮಾರನೇ ದಿನದ ಮೈಕೈ ನೋವಿಗೆ ಲ್ಯಾಕ್ಟಿಕ್ ಆಸಿಡ್ ಕಾರಣ, ಸ್ವಲ್ಪ ಓಡಿಸಿದರೆ ಕರಗಿಹೋಗುತ್ತದೆ ಅನ್ನುವ ಮಾತು. ರಕ್ತದಲ್ಲಿ ಅದು ಇರುವುದು ಲ್ಯಾಕ್ಟೇಟ್ ರೂಪದಲ್ಲಿ. ಏರಿದ ಲ್ಯಾಕ್ಟೇಟ್ ಸುಮಾರು ಒಂದು ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ನೋವು ಜೋರಾಗುವುದು 24ರಿಂದ 72 ಗಂಟೆಗಳ ನಡುವೆ. ಎರಡಕ್ಕೂ ತಾಳೆಯೇ ಇಲ್ಲ. ಸ್ನಾಯು ಉದ್ದವಾಗುತ್ತಲೇ ಭಾರ ತಡೆಯುವಾಗ, ಅಂದರೆ ಇಳಿಜಾರಿನಲ್ಲಿ ಓಡುವಾಗ, ಭಾರ ನಿಧಾನಕ್ಕೆ ಇಳಿಸುವಾಗ, ಜೋರಾಗಿ ಓಡಿ ಥಟ್ಟನೆ ನಿಲ್ಲುವಾಗ ಸ್ನಾಯುವಿನ ಎಳೆಗಳಿಗೆ ಸಣ್ಣಸಣ್ಣ ಪೆಟ್ಟು ಬೀಳುತ್ತದೆ. ಅದರ ಹಿಂದೆಯೇ ಉರಿಯೂತ, ರಿಪೇರಿ, ಜೊತೆಗೆ ನೋವು. ಅದೇ ಕೆಲಸ ಮತ್ತೊಮ್ಮೆ ಮಾಡಿದಾಗ ದೇಹ ಅದಕ್ಕೆ ಹೊಂದಿಕೊಂಡು ನೋವು ಕಡಿಮೆಯಾಗುತ್ತದೆ. ತರಬೇತಿಯ ಸೊಗಸೇ ಅದು.

ತೊಡಕು ಏನೆಂದರೆ, ನೋವು ಮತ್ತು ಬಲ ಜೊತೆಯಾಗಿ ನಡೆಯುವುದಿಲ್ಲ. ನೋವು ಹೋದ ಮೇಲೂ ಬಲ ಪೂರ್ತಿ ಬಂದಿರದೇ ಇರಬಹುದು. ತುಂಬಾ ನೋವಿದ್ದರೂ ಪೆಟ್ಟು ಕಡಿಮೆಯೇ ಇರಬಹುದು. ಅದಕ್ಕೇ "ನೋವಿದೆಯಾ?" ಅಂತ ಒಂದೇ ಪ್ರಶ್ನೆ ಕೇಳಿ ಮುಗಿಸಬಾರದು. ಬಲವನ್ನೂ ನೋಡಬೇಕು.

ರಕ್ತಪರೀಕ್ಷೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕಿದೆ, ಯಾಕಂದರೆ ಅದರ ದುರ್ಬಳಕೆ ನಾನು ಹತ್ತಿರದಿಂದ ನೋಡಿದ್ದೇನೆ. ಕ್ರಿಯಾಟಿನ್ ಕೈನೇಸ್ ಅನ್ನುವುದು ಸ್ನಾಯುವಿನ ಒಳಗಿರುವ ಕಿಣ್ವ. ಎಳೆಗಳಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುತ್ತದೆ. ಸಾಮಾನ್ಯರಿಗೆ ಲ್ಯಾಬ್‌ಗಳು ಹಾಕುವ ಮೇಲ್ಮಿತಿ ಲೀಟರಿಗೆ ಸುಮಾರು 200 ಯೂನಿಟ್. ತಾಲೀಮು ಮಾಡುವವರ ಲೆಕ್ಕವೇ ಬೇರೆ. ಕ್ರೀಡಾಪಟುಗಳಿಗಾಗಿಯೇ 2007ರಲ್ಲಿ ಪ್ರಕಟವಾದ ಮಿತಿಗಳ ಪ್ರಕಾರ ಗಂಡಸರಲ್ಲಿ 82ರಿಂದ 1083, ಹೆಂಗಸರಲ್ಲಿ 47ರಿಂದ 513 ಯೂನಿಟ್‌ವರೆಗೆ ಇರಬಹುದು. ಎಷ್ಟು ಅಗಲದ ಹರವು ನೋಡಿ. ಒಬ್ಬ ಆಟಗಾರನಿಗೆ 900 ಮಾಮೂಲಿ. ಇನ್ನೊಬ್ಬನಿಗೆ 400 ಬಂದರೂ ಎಚ್ಚರಿಕೆಯ ಗಂಟೆ. ಹಾಗಿರುವಾಗ ಇಡೀ ತಂಡದ ವರದಿಯನ್ನು ಮೇಲಿಂದ ಕೆಳಕ್ಕೆ ಜೋಡಿಸಿ ಗೋಡೆಗೆ ಅಂಟಿಸಿದ್ದನ್ನು ನಾನು ನೋಡಿದ್ದೇನೆ. ಮೇಲಿದ್ದವರನ್ನು ನೋಡಿ ಉಳಿದವರು "ಇವನ ಕಥೆ ಮುಗೀತು" ಅಂತ ಮಾತಾಡಿಕೊಂಡರು. ಒಬ್ಬರ ರಕ್ತದ ವರದಿ ಇನ್ನೊಬ್ಬರ ಬಾಯಿಗೆ ಬೀಳುವುದೇ ತಪ್ಪು. ಹೋಲಿಕೆ ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು. ಈ ಪರೀಕ್ಷೆಯನ್ನು ಆಯಾ ಆಟಗಾರರ ಹಳೆಯ ವರದಿಗಳ ಜೊತೆ ಮಾತ್ರ ಹೋಲಿಸಬೇಕು.

ಒಂದು ಸಂದರ್ಭದಲ್ಲಿ ಮಾತ್ರ ಹಳೆಯ ವರದಿಗಾಗಿ ಕಾಯಬಾರದು. ಕಠಿಣ ತಾಲೀಮಿನ ಮರುದಿನ ಸ್ನಾಯು ಊದಿಕೊಂಡು, ಕೈಕಾಲು ಎತ್ತಲಾಗದಷ್ಟು ನಿತ್ರಾಣವಾಗಿ, ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಅದು ಸ್ನಾಯುವಿನ ಎಳೆಗಳು ಒಡೆದು ಒಳಗಿನದ್ದು ರಕ್ತಕ್ಕೆ ಸೋರುವ ಸ್ಥಿತಿ, ಅಂದರೆ ರ್‍ಯಾಬ್ಡೊಮಯೊಲಿಸಿಸ್ ಆಗಿರಬಹುದು. ಆಗ ಕ್ರಿಯಾಟಿನ್ ಕೈನೇಸ್ ಹತ್ತಾರು ಸಾವಿರ ದಾಟಬಹುದು. ಸ್ನಾಯುವಿನಿಂದ ಸೋರಿದ ಮಯೋಗ್ಲೋಬಿನ್ ಅನ್ನುವ ಪ್ರೋಟೀನ್ ಮೂತ್ರಪಿಂಡವನ್ನೇ ಕೆಡಿಸಬಹುದು. ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ತಡವಾಗಿ ಬಂದದ್ದಕ್ಕೆ, ಪಂದ್ಯ ಸೋತದ್ದಕ್ಕೆ ಶಿಕ್ಷೆ ಅಂತ ನೂರಾರು ಬಸ್ಕಿ ಹೊಡೆಸುವ ಪದ್ಧತಿ ಇನ್ನೂ ಎಲ್ಲೆಲ್ಲಿ ಇದೆಯೋ, ಅಲ್ಲಿನ ಕೋಚ್‌ಗಳಲ್ಲಿ ಕೈಮುಗಿದು ಕೇಳುತ್ತೇನೆ, ಇವತ್ತೇ ನಿಲ್ಲಿಸಿ. ರಜೆ ಮುಗಿಸಿ ಬಂದ ಮೊದಲ ವಾರದಲ್ಲಂತೂ ಬೇಡವೇ ಬೇಡ. ಅಭ್ಯಾಸ ತಪ್ಪಿದ ಸ್ನಾಯುವಿಗೆ ಅದು ನಿಜಕ್ಕೂ ಅಪಾಯ.

ಇನ್ನು ಕೈಗಡಿಯಾರಗಳು. ಬೆಳಗ್ಗೆ ಎದ್ದ ಕೂಡಲೇ ಹಸಿರು ಬಣ್ಣ ತೋರಿಸಿ "ನೀವು ಸಿದ್ಧ" ಅನ್ನುವ ಸಾಧನಗಳ ಮೇಲೆ ಒಕ್ಕೂಟಗಳು ತುಂಬಾ ಹಣ ಸುರಿಯುತ್ತಿವೆ. ಅವು ಮುಖ್ಯವಾಗಿ ನೋಡುವುದು ಎದೆಬಡಿತದ ನಡುವಿನ ಅಂತರ ಎಷ್ಟು ಏರುಪೇರಾಗುತ್ತದೆ ಅನ್ನುವುದನ್ನು. ಅದು ನರಮಂಡಲದ ಸ್ಥಿತಿಯ ಸುಳಿವು. ಉಪಯೋಗವಿದೆ. ಒಂದು ದಿನದ ಅಂಕಿಗಿಂತ ಏಳು ದಿನಗಳ ಸರಾಸರಿ ನೋಡಿದರೆ ಇನ್ನೂ ಚೆನ್ನ. ಆದರೆ ತೊಡೆಯ ಸ್ನಾಯು ಚೇತರಿಸಿಕೊಂಡಿದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಥರ್ಮಾಮೀಟರ್ ಇಟ್ಟು ಮೂಳೆ ಮುರಿದಿದೆಯಾ ಅಂತ ನೋಡಿದ ಹಾಗಾಗುತ್ತದೆ. ಗಡಿಯಾರ ಹಸಿರು ತೋರಿಸಿತು ಅಂತ ಎಡಗಾಲಿನ ಬಲ ಕುಂದಿದವರನ್ನು ಓಡಿಸಬೇಡಿ.

ಹಾಗಾದರೆ ಯಾವುದನ್ನು ನಂಬಬೇಕು? ಆಟಗಾರರ ಮಾತನ್ನು. 2016ರಲ್ಲಿ 56 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಒಂದು ವಿಮರ್ಶೆ ಪ್ರಕಟವಾಯಿತು. ತರಬೇತಿಯ ಭಾರ ಏರಿಳಿದಾಗ ಅದನ್ನು ರಕ್ತ, ಎದೆಬಡಿತದ ಅಳತೆಗಳಿಗಿಂತ ಚುರುಕಾಗಿ ತೋರಿಸಿದ್ದು ಆಟಗಾರರೇ ಹೇಳಿಕೊಂಡ ಉತ್ತರಗಳು ಅಂತ ಅದು ಕಂಡುಕೊಂಡಿತು. ನಿದ್ದೆ ಹೇಗಿತ್ತು, ಮನಸ್ಸಿಗೆ ಒತ್ತಡ ಇದೆಯಾ, ಸುಸ್ತು ಎಷ್ಟು, ಸ್ನಾಯು ನೋವು ಎಷ್ಟು: ಈ ನಾಲ್ಕು ಪ್ರಶ್ನೆಗಳು 1990ರ ದಶಕದಿಂದಲೂ ಬಳಕೆಯಲ್ಲಿವೆ. ತಾಲೀಮು ಮುಗಿದ ಅರ್ಧ ಗಂಟೆಯ ನಂತರ "ಹತ್ತಕ್ಕೆ ಎಷ್ಟು ಕಷ್ಟ ಅನಿಸಿತು?" ಅಂತ ಕೇಳಿ, ಆ ಅಂಕಿಯನ್ನು ನಿಮಿಷಗಳಿಂದ ಗುಣಿಸಿದರೆ ಆ ದಿನದ ಭಾರ ಸಿಗುತ್ತದೆ. 90 ನಿಮಿಷದ ತಾಲೀಮಿಗೆ 6 ಅಂದರೆ 540. ಪೆನ್ನು, ಹಾಳೆ ಸಾಕು.

ಇಷ್ಟು ಅಗ್ಗದ, ಇಷ್ಟು ಒಳ್ಳೆಯ ಸಾಧನವನ್ನು ನಾವು ಕೈಯಾರೆ ಕೆಡಿಸಿಕೊಳ್ಳುತ್ತಿದ್ದೇವೆ. ಆಟಗಾರ ನಿಜ ಹೇಳುವವರೆಗೆ ಮಾತ್ರ ಅದಕ್ಕೆ ಬೆಲೆ. ಸುಸ್ತು ಅಂದವರಿಗೆ ಬೈಗುಳ, ನೋವು ಅಂದವರಿಗೆ ಬೆಂಚು ಅನ್ನುವ ಕಡೆ ಎಲ್ಲ ಫಾರಂಗಳೂ ಒಂದೇ ಥರ ತುಂಬಿ ಬರುತ್ತವೆ. ನಿಮ್ಮ ಶಿಬಿರದಲ್ಲಿ ಇಡೀ ತಂಡ ದಿನಾ "ಎಲ್ಲಾ ಚೆನ್ನಾಗಿದೆ" ಅಂತ ಬರೆಯುತ್ತಿದ್ದರೆ ದಯವಿಟ್ಟು ಸಮಾಧಾನಪಡಬೇಡಿ. ಕಠಿಣ ತಾಲೀಮಿನ ವಾರದಲ್ಲಿ ಯಾರಿಗೂ ಸುಸ್ತೇ ಇಲ್ಲ ಅನ್ನುವುದು ಸಾಧ್ಯವಿಲ್ಲ.

ಮಾತಿನ ಜೊತೆಗೆ ಒಂದೆರಡು ದೇಹದ ಪರೀಕ್ಷೆ ಇದ್ದರೆ ಸಾಕು. ಜಿಗಿತ ಒಳ್ಳೆಯದು. ಆದರೆ ದಿನಾ ಒಂದೇ ಹೊತ್ತಿಗೆ, ಒಂದೇ ಥರದ ವಾರ್ಮ್‌ಅಪ್ ಆದ ಮೇಲೆ, ಕೈ ಸೊಂಟದ ಮೇಲಿಟ್ಟು ಮಾಡಿಸಬೇಕು. ಅತಿ ಎತ್ತರದ ಜಿಗಿತವೊಂದನ್ನೇ ಹಿಡಿಯುವುದಕ್ಕಿಂತ ಎಲ್ಲ ಜಿಗಿತಗಳ ಸರಾಸರಿ ದಣಿವನ್ನು ಚೆನ್ನಾಗಿ ತೋರಿಸುತ್ತದೆ. ಮೊದಲ ಎರಡು ಮೂರು ವಾರ ಸುಮ್ನೆ ಬರೆದಿಡಿ. ಆ ಆಟಗಾರರ ಅಂಕಿ ದಿನದಿಂದ ದಿನಕ್ಕೆ ಸಹಜವಾಗಿ ಎಷ್ಟು ಏರಿಳಿಯುತ್ತದೆ ಅಂತ ಗೊತ್ತಾಗುತ್ತದೆ. ಅದಕ್ಕಿಂತ ಜಾಸ್ತಿ ಇಳಿದರೆ ಆಗ ಯೋಚಿಸಿ. ಇನ್ನೊಂದು ವಿಷಯ. ದಣಿದ ಆಟಗಾರ ಕೆಲವೊಮ್ಮೆ ಅದೇ ಎತ್ತರಕ್ಕೆ ಜಿಗಿಯುತ್ತಾನೆ, ಆದರೆ ಬಗ್ಗಿ ಮೇಲೇಳಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾನೆ. ಬರೀ ಎತ್ತರ ನೋಡಿದರೆ ಇದು ತಪ್ಪಿಹೋಗುತ್ತದೆ. ಕಾಲು ನೆಲವನ್ನು ಒತ್ತುವ ಬಲ ಅಳೆಯುವ ಫೋರ್ಸ್ ಪ್ಲೇಟ್ ಇದ್ದವರು ಆ ಸಮಯವನ್ನೂ ನೋಡಿ. ಒಳತೊಡೆಯ ಬಲ ನೋಡಲು ರಕ್ತದೊತ್ತಡ ಅಳೆಯುವ ಸಾಧನದ ಪಟ್ಟಿಯನ್ನು ಸ್ವಲ್ಪ ಉಬ್ಬಿಸಿ ಮಂಡಿಗಳ ನಡುವೆ ಇಟ್ಟು ಒತ್ತಿಸಿದರೂ ಆಗುತ್ತದೆ. ಮುಳ್ಳು ಎಲ್ಲಿಯವರೆಗೆ ಏರಿತು ಅಂತ ಬರೆದುಕೊಳ್ಳಿ. ಅಷ್ಟೇ.

ಕೋಚ್‌ಗಳ ಕಷ್ಟ ನನಗೆ ಗೊತ್ತು. ಕ್ರೀಡಾಕೂಟ ತಲೆ ಮೇಲಿರುತ್ತದೆ. ಪದಕ ಬರದಿದ್ದರೆ ಕೆಲಸಕ್ಕೇ ಕುತ್ತು. ಪ್ರತಿ ಕೆಂಪು ಗುರುತಿಗೂ ತಾಲೀಮು ನಿಲ್ಲಿಸಿದರೆ ಯಾರೂ ತಯಾರಾಗುವುದಿಲ್ಲ. ಅದನ್ನು ನಾನು ಒಪ್ಪುತ್ತೇನೆ. ಬೇಕಂತಲೇ ಕೆಲವು ದಿನ ದಣಿಸಿ, ಆಮೇಲೆ ಭಾರ ಇಳಿಸಿ, ಮೊದಲಿಗಿಂತ ಮೇಲೇಳುವಂತೆ ಮಾಡುವುದು ಒಳ್ಳೆಯ ತರಬೇತಿಯ ಭಾಗವೇ. ಆದರೆ ಈ ವಿಷಯದಲ್ಲಿ ಯುರೋಪ್ ಮತ್ತು ಅಮೆರಿಕದ ಕ್ರೀಡಾವಿಜ್ಞಾನ ಸಂಸ್ಥೆಗಳು ಸೇರಿ 2013ರಲ್ಲಿ ಹೊರಡಿಸಿದ ಜಂಟಿ ಹೇಳಿಕೆಯನ್ನು ಓದಿ. ಬೇಕಂತಲೇ ತಂದುಕೊಂಡ ದಣಿವು ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ಹೋಗಬೇಕು. ಅದನ್ನು ದಾಟಿ ಮುಂದೆ ಹೋದರೆ ಚೇತರಿಕೆಗೆ ತಿಂಗಳುಗಳೇ ಬೇಕಾಗಬಹುದು. ಗಡಿ ಎಲ್ಲಿದೆ ಅಂತ ಹೇಳುವ ಒಂದೇ ಒಂದು ಪರೀಕ್ಷೆ ಇಲ್ಲ ಅಂತಲೂ ಅದೇ ಹೇಳಿಕೆಯಲ್ಲಿದೆ. ಆದ್ದರಿಂದಲೇ ದಿನದಿನದ ಲೆಕ್ಕ ಬೇಕು, ಆ ಲೆಕ್ಕವನ್ನು ಓದುವವರೂ ಬೇಕು.

ಓದುವ ಕೋಚ್‌ಗಳೂ ಇದ್ದಾರೆ. ನಾನು ಕೆಲಸ ಮಾಡಿದ ಒಬ್ಬ ಕೋಚ್ ಬೋರ್ಡ್ ಮೇಲೆ ಬರೆಯುವ ಮೊದಲು ನನ್ನ ಹಾಳೆ ಕೇಳಿ ಪಡೆಯುತ್ತಿದ್ದರು. ಕೆಂಪು ಇದ್ದವರನ್ನು ಮನೆಗೆ ಕಳಿಸುತ್ತಿರಲಿಲ್ಲ. ಪೂರ್ತಿ ವೇಗದ ಓಟದ ಬದಲು ಹಗುರ ಓಟ, ಇಲ್ಲವೇ ನೀರಿನಲ್ಲಿ ವ್ಯಾಯಾಮ, ಇಲ್ಲವೇ ಕೈ ಭುಜದ ಕೆಲಸ ಕೊಡುತ್ತಿದ್ದರು. ಎರಡು ದಿನ ಬಿಟ್ಟು ಮತ್ತೆ ಅಳೆಸುತ್ತಿದ್ದರು. ಅಲ್ಲಿನ ಹುಡುಗರು ಫಾರಂನಲ್ಲಿ ನಿಜ ಬರೆಯುತ್ತಿದ್ದರು. "ರಾತ್ರಿ ನಿದ್ದೆ ಬರಲಿಲ್ಲ, ಬಲ ಮೀನಖಂಡ ಬಿಗಿ" ಅಂತ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಸೇರಿಸುತ್ತಿದ್ದರು. ಹೀಗೆ ಬರೆಯಿರಿ ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಒಕ್ಕೂಟಗಳ ಪದಾಧಿಕಾರಿಗಳಿಗೆ ಬೇರೆಯಾಗಿ ಒಂದು ಮಾತು, ಯಾಕಂದರೆ ವೇಳಾಪಟ್ಟಿ ನಿಮ್ಮ ಕೈಯಲ್ಲಿದೆ. ಫುಟ್‌ಬಾಲ್ ಪಂದ್ಯವಾದ ಮೇಲೆ ಜಿಗಿತ, ವೇಗ, ತೊಡೆಯ ಹಿಂಭಾಗದ ಬಲ ಮೊದಲಿನಂತಾಗಲು 72 ಗಂಟೆ ಬೇಕಾಗಬಹುದು, ಕೆಲವರಿಗೆ ಅದಕ್ಕೂ ಜಾಸ್ತಿ. ಉನ್ನತ ಮಟ್ಟದ ಒಂದು ತಂಡದ ಮೇಲೆ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ ಒಂದು ಪಂದ್ಯ ಆಡಿದಾಗ ಸಾವಿರ ಗಂಟೆಗೆ 4.1 ಗಾಯಗಳಾಗಿದ್ದವು. ವಾರಕ್ಕೆ ಎರಡು ಪಂದ್ಯ ಆಡಿದಾಗ 25.6. ಇದರಲ್ಲಿ ನನ್ನನ್ನು ತುಂಬಾ ಕಾಡುವುದು ಇನ್ನೊಂದು ವಿವರ. ಎರಡನೇ ಪಂದ್ಯದಲ್ಲೂ ಆಟಗಾರರು ಹೆಚ್ಚುಕಡಿಮೆ ಅಷ್ಟೇ ದೂರ, ಅಷ್ಟೇ ಜೋರಾಗಿ ಓಡಿದ್ದರು. ಅಂದರೆ ಗ್ಯಾಲರಿಯಲ್ಲಿ ಕೂತವರಿಗೆ, ಬೆಂಚಿನಲ್ಲಿದ್ದ ಕೋಚ್‌ಗೂ ಏನೂ ವ್ಯತ್ಯಾಸ ಕಾಣುತ್ತಿರಲಿಲ್ಲ. "ಚೆನ್ನಾಗೇ ಓಡ್ತಿದಾನಲ್ಲ" ಅನ್ನುವ ಮಾತು ಚೇತರಿಕೆಯ ಪುರಾವೆ ಆಗುವುದಿಲ್ಲ. ಪಂದ್ಯಗಳ ನಡುವೆ ಕನಿಷ್ಠ ಮೂರು ಪೂರ್ತಿ ದಿನ ಬಿಡಲಾಗದಿದ್ದರೆ, ಬದಲಿ ಆಟಗಾರರ ಸಂಖ್ಯೆಯನ್ನಾದರೂ ಹೆಚ್ಚಿಸಿ.

ಕಿರಿಯರ ಶಿಬಿರಗಳಲ್ಲಿ ನಿದ್ದೆಗೆ ಜಾಗವೇ ಇಲ್ಲ. 13ರಿಂದ 18 ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ರಾತ್ರಿ ತಡವಾಗಿ ಊಟ, ಆಮೇಲೆ ಓದು, ನಸುಕಿನಲ್ಲಿ ಮೈದಾನ. ಇಂಥ ದಿನಚರಿ ಇಟ್ಟುಕೊಂಡು ಜಿಗಿತ ಅಳೆದು ಪ್ರಯೋಜನವಿಲ್ಲ. ಬೆಳಗಿನ ತಾಲೀಮನ್ನು ಮುಂದಕ್ಕೆ ಹಾಕಿ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮೌನ ಇದೆ. ಮುಟ್ಟು ನಿಂತುಹೋದರೆ "ಗಟ್ಟಿಯಾಗಿ ತಾಲೀಮು ಮಾಡ್ತಿದಾಳೆ" ಅಂತ ಹೇಳುವವರನ್ನು ಕೇಳಿದ್ದೇನೆ. ಖರ್ಚಾಗುವ ಶಕ್ತಿಗೆ ತಕ್ಕಷ್ಟು ಆಹಾರ ಸಿಗದಾಗ ದೇಹ ಒಂದೊಂದೇ ಕೆಲಸ ನಿಲ್ಲಿಸುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಈ ಬಗ್ಗೆ ಎಚ್ಚರಿಸಿದೆ. ಗಂಡುಮಕ್ಕಳಿಗೂ ಈ ಕೊರತೆ ಆಗುತ್ತದೆ. ಇಂಥ ದೇಹದಲ್ಲಿ ಸ್ನಾಯುವಿನ ರಿಪೇರಿಯೂ ಹಿಂದೆ ಬೀಳುತ್ತದೆ, ಮೂಳೆಯೂ ಸವೆಯುತ್ತದೆ. ಮುಟ್ಟು ತಪ್ಪಿದ್ದನ್ನು ಹೇಳಿಕೊಳ್ಳಲು ಪ್ರತಿ ಶಿಬಿರದಲ್ಲೂ ಒಬ್ಬ ವೈದ್ಯೆ ಇರಲಿ. ಆ ಮಾತು ಅವರಿಬ್ಬರ ನಡುವೆಯೇ ಉಳಿಯಲಿ.

ನೋವಿನ ಮಾತ್ರೆ ನುಂಗಿಸಿ ಅಳತೆಗೆ ಕಳಿಸಬೇಡಿ, ನೋವಿನ ಉತ್ತರವೇ ಕೆಟ್ಟುಹೋಗುತ್ತದೆ. ಐಸ್ ನೀರಿನ ಸ್ನಾನ ಪಂದ್ಯಗಳು ಒತ್ತೊತ್ತಾಗಿ ಇದ್ದಾಗ ನೋವಿಗೆ ಹಿತ ಅನಿಸುತ್ತದೆ, ಸರಿ. ಆದರೆ ಬಲ ಬೆಳೆಸುವ ತಿಂಗಳುಗಳಲ್ಲಿ ಪ್ರತಿ ಭಾರದ ತಾಲೀಮಿನ ನಂತರವೂ ಅದನ್ನೇ ಮಾಡಿಸಿದರೆ ಸ್ನಾಯುವಿನ ಬೆಳವಣಿಗೆ ಕುಗ್ಗುತ್ತದೆ ಅಂತ 2015ರ ಅಧ್ಯಯನವೊಂದು ತೋರಿಸಿದೆ.

ಈಗ ನನ್ನ ಬೇಡಿಕೆಗಳು. ಎಲ್ಲಕ್ಕಿಂತ ಮುಖ್ಯವಾದದ್ದು, ಬೆಳಗಿನ ಫಾರಂ ಆಯ್ಕೆ ಸಮಿತಿಯ ಮೇಜಿಗೆ ಹೋಗಲೇಬಾರದು. ಆಯ್ಕೆಗೆ ಸಮಯ, ದೂರ, ಗೋಲು, ಆಟ ಎಲ್ಲ ಇವೆ. ಆಟಗಾರ "ಇವತ್ತು ಮೈ ಭಾರ" ಅಂದದ್ದು ತಾಲೀಮು ಸರಿಮಾಡಲು ಮಾತ್ರ. ಈ ನಿಯಮ ಬರಹದಲ್ಲಿ ಇರಲಿ, ಮುರಿದವರ ಮೇಲೆ ಕ್ರಮವೂ ಇರಲಿ. ಅಳೆದದ್ದನ್ನು ಮೊದಲು ತೋರಿಸಬೇಕಾದ್ದು ಆಟಗಾರರಿಗೆ. ರಕ್ತ ತೆಗೆಯುವ ಮೊದಲು ಯಾಕೆ ಅಂತ ಹೇಳಿ, ಒಪ್ಪಿಗೆ ಪಡೆಯಿರಿ. ಬೇಡ ಅಂದವರನ್ನು ಬಿಡಿ. ತಂಡ ಬಿಟ್ಟು ಹೋದ ಮೇಲೆ ಅವರ ದಾಖಲೆ ಅವರ ಕೈಗೆ ಹೋಗಲಿ.

ಆಮೇಲೆ, ಹಾಳೆಯಲ್ಲಿ ಇನ್ನೊಂದು ಕಾಲಂ ಸೇರಿಸಿ: "ಇದನ್ನು ನೋಡಿ ಏನು ಬದಲಿಸಿದೆವು?" ಅಂತ. ಏನೂ ಬದಲಿಸದಿದ್ದರೆ ಕಾರಣ ಬರೆದು ಕೋಚ್ ಸಹಿ ಹಾಕಲಿ. ಬಲವೂ ಇಳಿದು, ಆಟಗಾರನ ಮಾತೂ ಅದನ್ನೇ ಹೇಳುತ್ತಿದ್ದರೆ, ಆ ಒಂದು ದಿನದ ಪೂರ್ತಿ ವೇಗದ ಓಟ ತಡೆಯುವ ಅಧಿಕಾರ ಫಿಸಿಯೋಗೆ ಇರಲಿ. ಒಂದೇ ದಿನ. ಮರುದಿನ ಮತ್ತೆ ಅಳೆದು ಒಟ್ಟಿಗೆ ಕೂತು ನಿರ್ಧರಿಸೋಣ. ಯಾರೂ ನೋಡದ ಅಳತೆಗಳನ್ನು ನಿಲ್ಲಿಸಿಬಿಡಿ. ನಾಲ್ಕು ಪ್ರಶ್ನೆ, ಒಂದು ಜಿಗಿತ, ಆಯಾ ಆಟಕ್ಕೆ ತಕ್ಕ ಒಂದು ಬಲದ ಪರೀಕ್ಷೆ ಇದ್ದರೆ ದಿನದ ಕೆಲಸ ನಡೆಯುತ್ತದೆ. ಉಳಿದ ಹಣದಲ್ಲಿ ಇನ್ನೊಬ್ಬ ಫಿಸಿಯೋ ಅಥವಾ ಆಹಾರ ತಜ್ಞರನ್ನು ನೇಮಿಸಿ.

ಮುಂದಿನ ಶಿಬಿರದ ಮೊದಲ ದಿನ, ಮೈದಾನಕ್ಕೆ ಇಳಿಸುವ ಮೊದಲು, ಆಟಗಾರರನ್ನು ಕೂರಿಸಿ ಈ ನಿಯಮಗಳನ್ನು ಅವರ ಭಾಷೆಯಲ್ಲಿ ಓದಿ ಹೇಳಿ. ಮುಖ್ಯ ಕೋಚ್ ಮತ್ತು ಆಯ್ಕೆ ಸಮಿತಿಯ ಒಬ್ಬರು ಇಬ್ಬರೂ ಅಲ್ಲಿರಬೇಕು. ಫಾರಂನ ಮಾದರಿ, ನಿಯಮಗಳ ಕರಡು ಬರೆದುಕೊಡಲು ನಾನು ತಯಾರಿದ್ದೇನೆ. ನನ್ನಂಥ ಇನ್ನೂ ಹಲವು ಫಿಸಿಯೋಗಳು ಬರುತ್ತಾರೆ. ಕರೆಯಿರಿ.

ಗೌರವದಿಂದ,
ಒಬ್ಬ ಕ್ರೀಡಾ ಫಿಸಿಯೋಥೆರಪಿಸ್ಟ್